‘ನನ್ನ ಸ್ವಭಾವವೇ ಹೀಗೆ’ ಅನ್ನುವವರು ಬದಲಾಗಬಹುದಾ?

ಓದುಗರ ಪ್ರಶ್ನೆ: ಊರು ಕುಂದಾಪುರದ ಕಡೆ. ಮದುವೆಯಾಗಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದು ಹದಿನೈದು ವರ್ಷದ ಮೇಲಾಯಿತು. ಘಾಟ್ಕೋಪರದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಕೆಲಸದಲ್ಲಿ ತೊಂದರೆ ಇಲ್ಲ. ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡಲು ಆಗುವುದಿಲ್ಲ. ನಮ್ಮ ಬಿಲ್ಡಿಂಗಿನ ಸೊಸೈಟಿ ಮೀಟಿಂಗಿನಲ್ಲಿ ಹಿಂದಿನ ಕುರ್ಚಿ ನನ್ನದೇ. ಏನಾದರೂ ಕೇಳಬೇಕು ಅನ್ನಿಸಿದರೂ ಮರಾಠಿ ತಪ್ಪಾದೀತು ಅಂತ ಸುಮ್ಮನಾಗುತ್ತೇನೆ. ‘ಪಾಪ, ಅವಳು ಮಾತಾಡುವವಳಲ್ಲ’ ಅಂತ ಎಲ್ಲರೂ ಹೇಳುತ್ತಾರೆ, ಮನೆಯವರೂ. ವಿಡಿಯೋ ನೋಡಿ ದಿನಾ ಕನ್ನಡಿ ಮುಂದೆ ನಿಂತು ‘ನಾನು ಧೈರ್ಯವಂತೆ’ ಅಂತ ಹೇಳಿಕೊಂಡೆ. ಏನೂ ಆಗಲಿಲ್ಲ, ನಾಚಿಕೆಯಾಯಿತು ಅಷ್ಟೆ. ನಾನು ಇರುವುದೇ ಹೀಗಾ? ಈ ವಯಸ್ಸಿನಲ್ಲಿ ಬದಲಾಗಲು ಸಾಧ್ಯವಾ?

ಉತ್ತರ: ಸಾಧ್ಯ. ಆದರೆ ಕನ್ನಡಿ ಮುಂದೆ ಅಲ್ಲ.

ಕನ್ನಡಿಯ ವಿಷಯ ಮೊದಲು ಮುಗಿಸಿಬಿಡೋಣ, ಯಾಕೆಂದರೆ ಈ ಸಲಹೆ ಕೇಳಿ ಸೋತವರು ನೀವೊಬ್ಬರೇ ಅಲ್ಲ. ಕೆನಡಾದ ಮನೋವಿಜ್ಞಾನಿ ಜೊಆನ್ ವುಡ್ ಮತ್ತು ಜೊತೆಗಾರರು 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಗಂಟೆ ಕೇಳಿಸಿದಾಗಲೆಲ್ಲ ‘ನಾನು ಪ್ರೀತಿಗೆ ತಕ್ಕ ಮನುಷ್ಯ’ ಎಂಬ ಅರ್ಥದ ಒಂದು ವಾಕ್ಯವನ್ನು ಹೇಳಿಕೊಳ್ಳಬೇಕಿತ್ತು. ತಮ್ಮ ಬಗ್ಗೆ ಮೊದಲೇ ಒಳ್ಳೆಯ ಅಭಿಪ್ರಾಯ ಇದ್ದವರಿಗೆ ಸ್ವಲ್ಪ ಹಿತವಾಯಿತು. ಅದು ಇಲ್ಲದವರ ಮನಸ್ಸು, ಏನೂ ಹೇಳಿಕೊಳ್ಳದೆ ಕೂತವರಿಗಿಂತ ಇನ್ನೂ ಕುಗ್ಗಿತು. ಬಾಯಿ ‘ನಾನು ಧೈರ್ಯವಂತೆ’ ಅಂದ ಕೂಡಲೇ ಮನಸ್ಸು ಹೋದ ತಿಂಗಳ ಮೀಟಿಂಗನ್ನು ಎಳೆದು ತಂದು ಮುಂದೆ ಇಡುತ್ತದೆ. ವಾದದಲ್ಲಿ ಗೆಲ್ಲುವುದು ಮನಸ್ಸೇ. ಅದರ ಹತ್ತಿರ ಸಾಕ್ಷಿ ಇದೆ, ಬಾಯಿಯ ಹತ್ತಿರ ಇಲ್ಲ. ಅಂದರೆ ಈ ಮದ್ದು ಯಾರಿಗೆ ಬೇಕೋ ಅವರಿಗೇ ಒಗ್ಗುವುದಿಲ್ಲ. ಹೇಳಿಕೊಡುವವರು ಮಾತ್ರ ಎಲ್ಲರಿಗೂ ಒಂದೇ ಡೋಸು ಬರೆದು ಕಳಿಸುತ್ತಾರೆ.

ಹಾಗಾದರೆ ‘ನಾನು ಇಂಥವಳು’ ಎಂಬ ತೀರ್ಮಾನ ಬಂದದ್ದು ಎಲ್ಲಿಂದ? ಅಮೆರಿಕದ ಮನೋವಿಜ್ಞಾನಿ ಡ್ಯಾರಿಲ್ ಬೆಮ್ 1967ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಪಕ್ಕದ ಮನೆಯವರ ಸ್ವಭಾವ ನಮಗೆ ಹೇಗೆ ಗೊತ್ತಾಗುತ್ತದೆ? ಅವರು ಮಾಡುವುದನ್ನು ನೋಡಿ. ನಮ್ಮ ಬಗ್ಗೆಯೂ ಬಹಳ ಸಲ ನಾವು ಅಂದಾಜು ಮಾಡುವುದು ಹಾಗೇ, ನಾವೇ ಮಾಡಿದ್ದನ್ನು ನೋಡಿ. ಹದಿನೈದು ವರ್ಷದಿಂದ ನೀವು ನೋಡಿರುವುದು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುವ ನಿಮ್ಮನ್ನೇ. ಅದನ್ನು ನೋಡಿ ‘ಇವಳು ಮಾತಾಡುವವಳಲ್ಲ’ ಅಂದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ತೊಂದರೆ ಏನೆಂದರೆ, ಒಮ್ಮೆ ಒಂದು ಚಿತ್ರ ಕೂತುಬಿಟ್ಟರೆ ಅದಕ್ಕೆ ಹೊಂದುವುದು ಮಾತ್ರ ಕಣ್ಣಿಗೆ ಬೀಳುತ್ತದೆ. ಹೇಝಲ್ ಮಾರ್ಕಸ್ ಎಂಬ ಸಂಶೋಧಕಿ 1977ರಲ್ಲಿ ತೋರಿಸಿದ್ದು ಇದನ್ನೇ. ತನ್ನ ಬಗ್ಗೆ ಗಟ್ಟಿ ಚಿತ್ರ ಇಟ್ಟುಕೊಂಡವರಿಗೆ ಅದಕ್ಕೆ ಹೊಂದುವ ನೆನಪುಗಳು ಸಲೀಸಾಗಿ ಸಿಗುತ್ತವೆ, ಅದಕ್ಕೆ ವಿರುದ್ಧವಾದ ಮಾಹಿತಿಯನ್ನು ಅವರು ಸುಲಭಕ್ಕೆ ಒಪ್ಪುವುದಿಲ್ಲ. ನಿಮ್ಮ ಪತ್ರದಲ್ಲೂ ಮೀಟಿಂಗ್ ಇದೆ, ಕುರ್ಚಿ ಇದೆ. ಟ್ರೇನ್ ಇಲ್ಲ.

ಟ್ರೇನಿನ ಬಗ್ಗೆ ನಾನು ಕೇಳುತ್ತೇನೆ. ಸಂಜೆ ಘಾಟ್ಕೋಪರದಲ್ಲಿ ಲೇಡೀಸ್ ಡಬ್ಬಿ ಹತ್ತುತ್ತೀರಿ. ಸೀಟು ಖಾಲಿ ಇರುವ ಮಾತೇ ಇಲ್ಲ. ಆಗ ಏನು ಮಾಡುತ್ತೀರಿ? ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು, ಕೂತವರ ಸಾಲಿನ ಕಡೆ ಬಗ್ಗಿ, ಎಲ್ಲರಿಗೂ ಕೇಳುವ ಹಾಗೆ ‘ಠಾಣ್ಯಾಲಾ ಕೋಣ್ ಉತರ್ಣಾರ್?’ (ಠಾಣೆ ಸ್ಟೇಷನ್ನಿನಲ್ಲಿ ಯಾರು ಇಳಿಯುತ್ತೀರಿ?) ಅನ್ನುತ್ತೀರಿ. ಕಿಟಕಿ ಪಕ್ಕದವಳು ಕೈ ಎತ್ತುತ್ತಾಳೆ. ಆ ಸೀಟು ನಿಮ್ಮದು ಅಂತ ಅಲ್ಲೇ ಬುಕ್ ಆಗುತ್ತದೆ. ನಡುವೆ ಇನ್ನೊಬ್ಬಳು ನುಗ್ಗಿದರೆ ‘ನಾನು ಮೊದಲು ಕೇಳಿದ್ದು’ ಅಂತ ಹೇಳುತ್ತೀರಿ. ಠಾಣೆಯವರೆಗೆ ಸುಮ್ಮನೆ ನಿಲ್ಲುವ ಬದಲು ಮೂವರು ಕೂತ ಬೆಂಚಿಗೆ ‘ಜರಾ ಸರ್ಕಾ ನಾ’ (ಸ್ವಲ್ಪ ಸರಿದು ಕೂರಿ) ಅಂದು ನಾಲ್ಕನೇ ಸೀಟಿನ ಅಂಚಿನಲ್ಲಿ ಕೂರುವುದೂ ಉಂಟು. ಇಷ್ಟು ವರ್ಷ ಡೊಂಬಿವಲಿಗೆ ಓಡಾಡಿದವರು ಇದನ್ನು ಮಾಡಿರದಿದ್ದರೆ ನಾನು ನಂಬುವುದಿಲ್ಲ. ಗುರುತಿಲ್ಲದ ಹೆಂಗಸರು, ತುಂಬಿದ ಡಬ್ಬಿ, ಎತ್ತರದ ದನಿ, ಮೇಲಾಗಿ ಮರಾಠಿ. ಸೊಸೈಟಿ ಮೀಟಿಂಗಿನಲ್ಲಿ ಇರುವುದಕ್ಕಿಂತ ಜಾಸ್ತಿ ಜನ ಅಲ್ಲಿದ್ದರು, ಅಲ್ವಾ?

ಅದನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ‘ಅದು ಎಲ್ಲರೂ ಮಾಡುವುದೇ’ ಅಂತ ಪಕ್ಕಕ್ಕೆ ಸರಿಸಿದ್ದೀರಿ. ಅಕೌಂಟ್ಸ್ ನೋಡುವವರಿಗೆ ನಾನು ಹೇಳಬೇಕಾಗಿಲ್ಲ, ಖರ್ಚಿನ ಕಡೆ ಮಾತ್ರ ಬರೆದು ಜಮೆಯ ಕಡೆ ಬಿಟ್ಟರೆ ಆ ಪುಸ್ತಕ ಹೊಂದುವುದಿಲ್ಲ.

ವಾಲ್ಟರ್ ಮಿಶೆಲ್ ಎಂಬವರು 1968ರಷ್ಟು ಹಿಂದೆಯೇ ಮನೋವಿಜ್ಞಾನದಲ್ಲಿ ದೊಡ್ಡ ಜಗಳ ಎಬ್ಬಿಸಿದ್ದರು. ಒಬ್ಬರ ನಡವಳಿಕೆ ಒಂದು ಸಂದರ್ಭದಿಂದ ಇನ್ನೊಂದಕ್ಕೆ ನಾವು ಅಂದುಕೊಂಡಷ್ಟು ಒಂದೇ ಥರ ಇರುವುದಿಲ್ಲ ಅನ್ನುವುದು ಅವರ ವಾದ. ಸ್ವಭಾವ ಅನ್ನುವುದೇ ಇಲ್ಲ ಅಂತಲ್ಲ. ಕೆಲವರು ಹುಟ್ಟಿನಿಂದ ಮಾತು ಕಡಿಮೆ, ಅದು ರೋಗವೂ ಅಲ್ಲ. ಆದರೆ ‘ನಾನು ಮಾತಾಡದವಳು’ ಎಂಬ ವಾಕ್ಯ ನಿಮ್ಮ ಮಟ್ಟಿಗೆ ಸುಳ್ಳು. ‘ಕುರ್ಚಿ ಹಾಕಿ ಕೂತ ಸಭೆಯಲ್ಲಿ, ಮರಾಠಿಯಲ್ಲಿ, ನಾನು ಇನ್ನೂ ಮಾತಾಡಿಲ್ಲ’ ಅನ್ನಿ. ಇದು ನಿಜ. ಇದನ್ನು ಹೇಳಿಕೊಂಡಾಗ ಮನಸ್ಸು ಎದುರು ವಾದ ಮಾಡುವುದಿಲ್ಲ.

ಇನ್ನು ಮರಾಠಿ. ಅದು ನೀವು ಇನ್ನೂ ಪೂರ್ತಿ ಕಲಿಯದ ಒಂದು ಪಾಠ, ಅದನ್ನು ಸ್ವಭಾವದ ಖಾತೆಗೆ ಹಾಕಬೇಡಿ. ಉತ್ತರದಿಂದ ಬಂದವರು ‘ಳ’ ಹೇಳಲು ವರ್ಷಗಟ್ಟಲೆ ಒದ್ದಾಡುತ್ತಾರೆ, ಅದು ನಿಮ್ಮ ಬಾಯಲ್ಲಿ ಮೊದಲಿನಿಂದಲೂ ಇದೆ. ನಾವು ಎಡವುವುದು ಗಂಡು ಹೆಣ್ಣಿನಲ್ಲಿ. ಚಹಾ ಗಂಡು, ಖುರ್ಚಿ ಹೆಣ್ಣು, ಟೇಬಲ್ ಎರಡೂ ಅಲ್ಲ. ಇದಕ್ಕೆ ತರ್ಕ ಹುಡುಕಿದರೆ ತಲೆ ಕೆಡುತ್ತದೆ. ತಪ್ಪಾಗುತ್ತದೆ, ಯಾರಾದರೂ ನಗಬಹುದು, ಅರ್ಥವಂತೂ ಆಗಿಯೇ ಆಗುತ್ತದೆ. ತೀರಾ ಕಷ್ಟವಾದರೆ ಮುಂಬಯಿ ಹಿಂದಿ ಇದೆ, ಅದರಲ್ಲಿ ವ್ಯಾಕರಣವನ್ನು ಯಾರೂ ಕೇಳುವುದಿಲ್ಲ.

ಈಗ ಮಾಡುವುದೇನು ಅನ್ನುವ ಪ್ರಶ್ನೆ. 1977ರಲ್ಲೇ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ ಅಂತ ವಿವರಿಸಿದರು. ಅವರು ನಾಲ್ಕು ಮೂಲ ಹೇಳಿದರು. ಎಲ್ಲಕ್ಕಿಂತ ಗಟ್ಟಿಯಾದದ್ದು ಸ್ವತಃ ಮಾಡಿ ನೋಡಿದ ಅನುಭವ. ಆಮೇಲೆ, ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು. ‘ನಿನ್ನಿಂದ ಆಗುತ್ತೆ’ ಅಂತ ಬೇರೆಯವರು ಹೇಳುವುದು ಅಷ್ಟು ಬಾಳಿಕೆ ಬರುವುದಿಲ್ಲ. ನಾಲ್ಕನೆಯದು ಮೈಯ ಸ್ಥಿತಿ. ಎದೆ ಡವಡವ ಅನ್ನುವುದನ್ನು ನಾವು ಹೇಗೆ ಓದಿಕೊಳ್ಳುತ್ತೇವೆ ಎಂಬುದು.

ಎರಡನೆಯದನ್ನು ಮುಂಬಯಿ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಡುಪಿ, ದಕ್ಷಿಣ ಕನ್ನಡದ ಹಳ್ಳಿಗಳಿಂದ ಚಿಕ್ಕ ವಯಸ್ಸಿಗೇ ಬಂದು ಹೋಟೆಲುಗಳಲ್ಲಿ ಟೇಬಲ್ ಒರೆಸುತ್ತಿದ್ದ ಹುಡುಗರು ಇಲ್ಲಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದರು. ಹಗಲೆಲ್ಲ ಕೆಲಸ, ಸಂಜೆ ಪುಸ್ತಕ. ಅಲ್ಲಿಂದ ಬ್ಯಾಂಕಿಗೆ, ವಕೀಲಿಗೆ, ಸ್ವಂತ ಹೋಟೆಲಿಗೆ ಹೋದವರಿದ್ದಾರೆ. ಆ ಶಾಲೆಗಳ ಮೇಷ್ಟ್ರುಗಳನ್ನು ನಾವು ನೆನೆಯುತ್ತೇವೆ, ನೆನೆಯಬೇಕು. ಆದರೆ ನನ್ನ ಅಂದಾಜಿನಲ್ಲಿ ಮೇಷ್ಟ್ರ ಬುದ್ಧಿಮಾತಿಗಿಂತ ಜಾಸ್ತಿ ಕೆಲಸ ಮಾಡಿದ್ದು ಇನ್ನೊಂದು. ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದ, ಅದೇ ಊರಿನ, ಅದೇ ಕೆಲಸದ ಹುಡುಗ ಎಸ್ಸೆಸ್ಸಿ ಪಾಸಾದ ಸುದ್ದಿ. ದೊಡ್ಡವರ ಯಶಸ್ಸಿನ ಕತೆ ಕೇಳಿ ಕೈ ಮುಗಿಯುತ್ತೇವೆ. ಇವನು ಪಾಸಾದರೆ ಮಾತ್ರ ‘ಹಾಗಾದರೆ ನಾನೂ’ ಅನ್ನಿಸುತ್ತದೆ. ಅದಕ್ಕೆ ವೇದಿಕೆ ಮೇಲಿನ ಭಾಷಣಕಾರರ ವಿಡಿಯೋ ನೋಡುವುದನ್ನು ಬಿಡಿ. ನಿಮ್ಮ ಬಿಲ್ಡಿಂಗಿನಲ್ಲಿ ಹರುಕುಮುರುಕು ಮರಾಠಿಯಲ್ಲೇ ಕಮಿಟಿಯನ್ನು ಪ್ರಶ್ನೆ ಕೇಳುವ ಒಬ್ಬ ತಮಿಳು ಹೆಂಗಸೋ ಮಲಯಾಳಿ ಅಂಕಲ್ಲೋ ಇದ್ದೇ ಇರುತ್ತಾರೆ. ಅವರ ಪಕ್ಕ ಕೂತುಕೊಳ್ಳಿ.

ಮೊದಲನೆಯದಕ್ಕೆ, ಅಂದರೆ ಸ್ವತಃ ಮಾಡುವುದಕ್ಕೆ, ನಿಮ್ಮ ಕೈಯಲ್ಲಿ ಒಂದು ಒಳ್ಳೆಯ ಅವಕಾಶವಿದೆ. ಮಹಾರಾಷ್ಟ್ರದಲ್ಲಿ ಹೌಸಿಂಗ್ ಸೊಸೈಟಿಗಳು ವಾರ್ಷಿಕ ಸಭೆಯನ್ನು ಸೆಪ್ಟೆಂಬರ್ 30ರ ಒಳಗೆ ನಡೆಸಬೇಕು. 14 ದಿನ ಮೊದಲು ನೋಟಿಸ್ ಬರಬೇಕು. ಲೆಕ್ಕಪತ್ರದ ಪ್ರತಿಯೂ ಸದಸ್ಯರಿಗೆ ಸಿಗುತ್ತದೆ. ಹೆಚ್ಚಿನವರು ಅದನ್ನು ಪತ್ರಿಕೆಗಳ ಅಡಿಗೆ ತಳ್ಳುತ್ತಾರೆ. ನೀವು ಅದನ್ನು ಓದಬಲ್ಲವರು. ಇಡೀ ಬಿಲ್ಡಿಂಗಿನಲ್ಲಿ ಬ್ಯಾಲೆನ್ಸ್ ಶೀಟ್ ಅರ್ಥವಾಗುವವರು ಎಷ್ಟು ಜನ ಇದ್ದಾರು? ಅದರಲ್ಲಿ ಒಂದೇ ಒಂದು ಸಾಲು ಆರಿಸಿಕೊಳ್ಳಿ. ಸಿಂಕಿಂಗ್ ಫಂಡ್, ಅಂದರೆ ಕಟ್ಟಡದ ಮುಂದಿನ ದೊಡ್ಡ ರಿಪೇರಿಗಾಗಿ ಕೂಡಿಡುವ ಹಣ, ಅಂದುಕೊಳ್ಳಿ. ಸೊಸೈಟಿಗಳ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಕಟ್ಟಡ ಕಟ್ಟಿದ ಖರ್ಚಿನ ಮೇಲೆ ವರ್ಷಕ್ಕೆ ಕನಿಷ್ಠ 0.25% ಇದಕ್ಕೆ ಸೇರಬೇಕು. ಸೇರಿದೆಯಾ, ಎಲ್ಲಿ ಇಟ್ಟಿದ್ದಾರೆ? ಪ್ರಶ್ನೆಯನ್ನು ಮೊದಲೇ ಚೀಟಿಯಲ್ಲಿ ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಳ್ಳಿ: ‘ಸಿಂಕಿಂಗ್ ಫಂಡಾಚೆ ಪೈಸೆ ಕುಠೆ ಠೇವಲೆ ಆಹೇತ್?’ ಕೂತಲ್ಲಿಂದಲೇ ಓದಿ. ನಿಲ್ಲಬೇಕು, ಭಾಷಣ ಮಾಡಬೇಕು ಅಂತ ಯಾವ ಬೈಲಾದಲ್ಲೂ ಇಲ್ಲ. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ. ಟ್ರೇನ್ ಬರುವ ಮೊದಲು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತಾಗಲೂ ಹೊಡೆದುಕೊಳ್ಳುತ್ತದೆ, ಅದನ್ನು ನೀವು ಹೆದರಿಕೆ ಅನ್ನುವುದಿಲ್ಲ.

ಅದಕ್ಕೂ ಮೊದಲು ಖಜಾಂಚಿಯನ್ನು ಲಿಫ್ಟಿನ ಹತ್ತಿರ ಹಿಡಿದು ಇದೇ ಪ್ರಶ್ನೆಯನ್ನು ಒಮ್ಮೆ ಕೇಳಿ ನೋಡಿ. ಒಬ್ಬರ ಮುಂದೆ ಬಂದ ವಾಕ್ಯ ಮೂವತ್ತು ಜನರ ಮುಂದೆ ಬರುವುದು ಸುಲಭ. ಮನೆಗೆ ಬಂದ ಮೇಲೆ ‘ಇವತ್ತು ಕೇಳಿದೆ’ ಅಂತ ಒಂದು ಸಾಲು ಎಲ್ಲಾದರೂ ಬರೆದಿಡಿ. ಇಲ್ಲದಿದ್ದರೆ ಟ್ರೇನಿನ ಹಾಗೆ ಇದನ್ನೂ ಮರೆತುಬಿಡುತ್ತೀರಿ.

ಹೆಜ್ಜೆ ಚಿಕ್ಕದಾಗಿರಲಿ ಅನ್ನುವುದಕ್ಕೆ ಕಾರಣ ಇದೆ. ನೇಥನ್ ಹಡ್ಸನ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು 15 ವಾರ ತಮ್ಮ ಸ್ವಭಾವ ಬದಲಿಸಿಕೊಳ್ಳಲು ಸಣ್ಣ ಸಣ್ಣ ಸವಾಲುಗಳನ್ನು ಆರಿಸಿಕೊಂಡರು. ಮಾಡಿ ಮುಗಿಸಿದವರಲ್ಲಿ ಬದಲಾವಣೆ ಕಂಡಿತು. ಒಪ್ಪಿಕೊಂಡು ಮಾಡದೆ ಬಿಟ್ಟವರು ಕೆಲವು ಕಡೆ ಹಿಂದಕ್ಕೇ ಜಾರಿದರು. ‘ಈ ವರ್ಷ ಕಮಿಟಿಗೇ ನಿಲ್ಲುತ್ತೇನೆ’ ಅಂತ ಘೋಷಿಸಿ ಹೆಸರು ವಾಪಸ್ ತೆಗೆದುಕೊಂಡರೆ ಹಳೆಯ ಚಿತ್ರಕ್ಕೆ ಇನ್ನೊಂದು ಸಾಕ್ಷಿ ಕೊಟ್ಟ ಹಾಗೆ.

ಎಷ್ಟು ದಿನ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಭ್ಯಾಸ ಬದಲಾಗಲು 21 ದಿನ ಸಾಕು ಅನ್ನುವುದು ಒಬ್ಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಮಾತಿನಿಂದ ಹುಟ್ಟಿದ್ದು. ಬದಲಾದ ಮುಖಕ್ಕೆ ರೋಗಿಗಳು ಹೊಂದಿಕೊಳ್ಳಲು ಕಡಿಮೆ ಅಂದರೂ ಅಷ್ಟು ದಿನ ಬೇಕು ಅಂದಿದ್ದರು, ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ‘ಕಡಿಮೆ ಅಂದರೂ’ ಬಿದ್ದುಹೋಯಿತು. ಲಂಡನ್ನಿನಲ್ಲಿ ಅಭ್ಯಾಸಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ ಸರಾಸರಿ 66 ದಿನ ಬಂತು, ಆದರೆ ಜನರ ನಡುವಿನ ಅಂತರ 18ರಿಂದ 254ರವರೆಗೆ. ವರ್ಷಕ್ಕೊಮ್ಮೆ ಬರುವ ಸಭೆಗೆ ಈ ಲೆಕ್ಕ ಯಾವುದೂ ಹೊಂದುವುದಿಲ್ಲ. ನಡುನಡುವೆ ಬೇರೆ ಕಡೆ ಬಾಯಿ ತೆರೆಯುತ್ತಿರಿ. ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅತಿಥಿಗಳ ಪರಿಚಯ ಮಾಡಿಕೊಡುವ ಕೆಲಸ ಕೇಳಿ ಪಡೆಯಿರಿ. ಭಾಷೆಯ ಚಿಂತೆ ಇಲ್ಲ. ಜೊತೆಗೆ, ನಿಮ್ಮನ್ನು ‘ಪಾಪ’ ಅಂತ ಗುರುತಿಸಿದವರು ಅಲ್ಲಿ ಕಡಿಮೆ.

ನಿದ್ದೆ ಬರದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ದಾಟಿದರೆ, ಅಥವಾ ಜನರ ಹೆದರಿಕೆಯಿಂದ ಕೆಲಸಕ್ಕೆ ಹೋಗುವುದೇ ಕಷ್ಟವಾದರೆ, ಇದೆಲ್ಲ ಸಾಲದು, ಡಾಕ್ಟರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡಬಹುದು. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ.

ಉಳಿದದ್ದು ಮನೆಯವರು. ವಿಲಿಯಂ ಸ್ವಾನ್ ಎಂಬವರ ಸಂಶೋಧನೆಯಿಂದ ತಿಳಿದದ್ದು ಇದು: ನಮ್ಮ ಬಗ್ಗೆ ನಮಗಿರುವ ಚಿತ್ರವನ್ನೇ ಒಪ್ಪುವವರ ಜೊತೆ ನಮಗೆ ನೆಮ್ಮದಿ, ಆ ಚಿತ್ರ ಕೆಟ್ಟದ್ದಾಗಿದ್ದರೂ ಸರಿ. ‘ಅವಳು ಮಾತಾಡುವವಳಲ್ಲ’ ಅಂತ ನಿಮ್ಮ ಯಜಮಾನರು ಹೇಳಿದಾಗ ನಿಮಗೆ ಬೇಜಾರಿನ ಜೊತೆ ಒಂಚೂರು ಹಾಯೆನ್ನಿಸುವುದೂ ಇದೆ, ಇಲ್ಲ ಅನ್ನಬೇಡಿ. ಮಾತಾಡುವ ಕೆಲಸ ಅವರ ಪಾಲಿಗೆ ಹೋಯಿತಲ್ಲ. ಅವರು ಕೆಟ್ಟದ್ದಕ್ಕೆ ಹೇಳುವುದಲ್ಲ, ನಿಮ್ಮನ್ನು ಕಾಪಾಡಲು ಹೇಳುತ್ತಾರೆ. ಅವರಿಗೆ ನಿಮ್ಮ ಹೊಸ ಯೋಜನೆಯನ್ನೆಲ್ಲ ವಿವರಿಸಲು ಹೋಗಬೇಡಿ, ಚರ್ಚೆಯಾಗುತ್ತದೆ. ಸಭೆಗೆ ಇಳಿಯುವ ಮೊದಲು ಇಷ್ಟೇ ಹೇಳಿ: ‘ಇವತ್ತು ಲೆಕ್ಕದ ಬಗ್ಗೆ ಒಂದು ಪ್ರಶ್ನೆ ನಾನು ಕೇಳ್ತೇನೆ. ನಾನು ತಡವರಿಸಿದರೂ ನೀವು ಮಧ್ಯೆ ಬಾಯಿ ಹಾಕಬೇಡಿ.’