ಮಾವಿನ ತೋಟದ ಪಾಲನ್ನೂ ಬರೆಯಬೇಕು

ಶ್ರೀನಿವಾಸಪುರದ ರೈತರೊಬ್ಬರು ಎಸಿ ಕಚೇರಿ ಕೆಲಸಕ್ಕೆ ಕೋಲಾರಕ್ಕೆ ಬಂದವರು ನಮ್ಮ ಮನೆಗೂ ಬಂದರು. ಮಗನಿಗೆ ಅಮೆರಿಕದ ಪೌರತ್ವ ಸಿಕ್ಕಿದೆ. ಅಲ್ಲಿನ ಗುಪ್ತಚರ ಸಂಸ್ಥೆ ಸಿಐಎ ಸೇರುವ ಆಸೆಯಂತೆ. "ಹೊರಗಿನಿಂದ ಹೋದೋರನ್ನ ನಂಬ್ತಾರಾ ಸಾರ್?"

ನಂಬುತ್ತಾರೆ. ಸಿಐಎಗೆ ಗ್ರೀನ್ ಕಾರ್ಡ್ ಸಾಲದು, ಪೌರತ್ವ ಬೇಕೇ ಬೇಕು. ಆದರೆ ಹುಟ್ಟಿದ್ದು ಎಲ್ಲಿ ಅನ್ನುವುದು ಅಡ್ಡಿಯಲ್ಲ. ಮುಂದೆ ಅಮೆರಿಕದ ವಿದೇಶಾಂಗ ಸಚಿವರಾದ ಹೆನ್ರಿ ಕಿಸಿಂಜರ್ 1938ರಲ್ಲಿ ಜರ್ಮನಿ ಬಿಟ್ಟು ಬಂದ ಯಹೂದಿ ಹುಡುಗ. 1943ರಲ್ಲಿ ಪೌರತ್ವ ಪಡೆದು, ಯುದ್ಧದ ಕೊನೆಗೆ ಅದೇ ಜರ್ಮನಿಯಲ್ಲಿ ಅಮೆರಿಕ ಸೇನೆಯ ಗುಪ್ತಚರ ಕೆಲಸ ಮಾಡಿದರು. ಮೇರಿಲ್ಯಾಂಡ್‌ನ ಕ್ಯಾಂಪ್ ರಿಚಿಯಲ್ಲಿ ಅಂಥ ವಲಸಿಗರು ಎಷ್ಟೋ ಜನ ತರಬೇತಿ ಪಡೆದರು. ಸೆರೆ ಸಿಕ್ಕ ಜರ್ಮನ್ ಸೈನಿಕರನ್ನು ಅವರದೇ ಮಾತಿನಲ್ಲಿ ವಿಚಾರಿಸಲು ಅವರೇ ಬೇಕಿತ್ತು.

ಭಾಷೆಯ ಬೆಲೆ ನನಗೆ ಗೊತ್ತಾಗಿದ್ದು ಪೊಲೀಸ್ ಕೆಲಸದಲ್ಲಿ, ಮುಳಬಾಗಿಲಿನ ಆಂಧ್ರ ಗಡಿಯಲ್ಲಿ. ಜಗಳವೊಂದರ ಬಗ್ಗೆ ಬಂದ ರಿಪೋರ್ಟ್‌ನಲ್ಲಿ ಒಬ್ಬ 'ಚೂಸುಕುಂದಾಂ' ಅಂದ ಅಂತಿತ್ತು. ತೆಲುಗು ಅಷ್ಟಾಗಿ ಬಾರದ ಸಹೋದ್ಯೋಗಿ ಅದನ್ನು 'ಬೆದರಿಕೆ' ಅಂತ ಬರೆದಿದ್ದರು. ನಮ್ಮ ಮನೆಮಾತೇ ತೆಲುಗು. ಹೋಗಿ ವಿಚಾರಿಸಿದೆ. ಆತ ಅಂದಿದ್ದು 'ಬಿಡು, ಆಮೇಲೆ ನೋಡೋಣ' ಅನ್ನುವ ಅರ್ಥದಲ್ಲಿ. ದನಿ ಏರಿದ್ದರೆ ಅದೇ ಮಾತು ಸವಾಲು. ನಿಘಂಟು ನೋಡಿ ಇದನ್ನು ಕಲಿಯೋಕಾಗಲ್ಲ, ಅಲ್ವಾ? ಆ ಒಂದು ಪದ ಸುಮ್ನೆ ಬಿಟ್ಟಿದ್ದರೆ ಒಬ್ಬ ಬಡವನ ಮೇಲೆ ಕೇಸಾಗುತ್ತಿತ್ತು.

ಇನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ಮೊದಲಿನ ಹಿನ್ನೆಲೆ ತಪಾಸಣೆ. ಎಸ್‌ಎಫ್-86 ಅಂತ ಒಂದು ಉದ್ದನೆಯ ಫಾರಂ ಇದೆ. ನಮ್ಮ ಪಾಸ್‌ಪೋರ್ಟ್ ವೆರಿಫಿಕೇಶನ್ ಅದರ ಮುಂದೆ ಏನೂ ಅಲ್ಲ. 10 ವರ್ಷ ಎಲ್ಲೆಲ್ಲಿ ವಾಸವಿದ್ದರು, ತಂದೆತಾಯಿ, ಒಡಹುಟ್ಟಿದವರು, ಅತ್ತೆಮಾವ ಯಾವ ದೇಶದವರು, ಹೊರದೇಶದಲ್ಲಿ ಆಸ್ತಿ ಏನಿದೆ, ಎಲ್ಲ ಬರೆಯಬೇಕು. ಹೊರದೇಶದ ಆಪ್ತರ ಜೊತೆಗಿನ ಒಡನಾಟಕ್ಕೆ 7 ವರ್ಷದ ಲೆಕ್ಕ. ಸಿಐಎಯಲ್ಲಿ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆಯೂ ಉಂಟು.

ಕೋಲಾರದಲ್ಲಿ ಅಪ್ಪ ಅಮ್ಮ ಇರುವುದು ತಪ್ಪಲ್ಲ. ಅದನ್ನು ಮುಚ್ಚಿಡುವುದು ತಪ್ಪು. ಬೇಕಂತಲೇ ಸುಳ್ಳು ಬರೆದರೆ ಅಲ್ಲಿ ಅದು ಅಪರಾಧ. ಸಂಬಂಧ ಇದ್ದಿದ್ದಕ್ಕಿಂತ ಬಚ್ಚಿಟ್ಟಿದ್ದೇ ಜಾಸ್ತಿ ಅನುಮಾನ ಹುಟ್ಟಿಸುತ್ತದೆ. ನನ್ನ ಸರ್ವೀಸಿನಲ್ಲೂ ಇದನ್ನೇ ಕಂಡೆ.

ಆ ರೈತರು ಚೀಲದಿಂದ ಪಹಣಿ ತೆಗೆದರು. ಜಂಟಿ ಖಾತೆ. ಎರಡನೆಯ ಹೆಸರು ಮಗನದು. ಮೂರು ಎಕರೆ ಮಾವು.

"ಇದನ್ನೂ ಬರೀಬೇಕಾ ಸಾರ್?"

"ಬರೆಯೋಕೆ ಹೇಳಿ, ಸರ್ವೆ ನಂಬರ್ ಸಮೇತ ಇಟ್ಕೊಂಡಿರಲಿ" ಅಂದೆ. ಅಲ್ಲೇ ಕೂತು ಮಗನಿಗೆ ಫೋಟೋ ಕಳಿಸಿದರು.