ಒಂದೊಂದು ಕಾಳನ್ನೂ ಕಂಪ್ಯೂಟರ್ ಎಣಿಸುತ್ತದಾ?

ಪ್ರಶ್ನೆ: ಫ್ಲೂಯಿಡೈಸ್ಡ್ ಬೆಡ್‌ನ (ಕೆಳಗಿಂದ ಗಾಳಿ ಊದಿ ದ್ರವದಂತೆ ಕುದಿಸುವ ಪುಡಿಯ ರಾಶಿ) ಸಿಮ್ಯುಲೇಶನ್ ವಿಡಿಯೊಗಳಲ್ಲಿ ಕಾಳುಗಳು ಕುಣಿಯುವುದು ಕಾಣುತ್ತದೆ. ಕಂಪ್ಯೂಟರ್ ನಿಜಕ್ಕೂ ಪ್ರತಿ ಕಾಳಿನ ಲೆಕ್ಕ ಇಡುತ್ತದಾ?

ಇಲ್ಲ ಮಾರಾಯ್ರೇ, ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ತಿರುಗಿ ಬರುತ್ತದೆ. ಈ ಸಲ ಲೆಕ್ಕ ಬಿಡಿಸಿಯೇ ತೋರಿಸುತ್ತೇನೆ.

ರಿಫೈನರಿಯ ಎಫ್‌ಸಿಸಿ ಘಟಕವನ್ನೇ ತೆಗೆದುಕೊಳ್ಳಿ. ಭಾರದ ತೈಲವನ್ನು ಒಡೆದು ಪೆಟ್ರೋಲಿನಂಥ ಹಗುರ ಇಂಧನ ಮಾಡುವ ಘಟಕ ಅದು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಒಂದಿದೆ. ಅದರೊಳಗೆ ಗಾಳಿಗೆ ಗಂಜಿಯಂತೆ ಕುದಿಯುವ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಗೆ ವೇಗ ಕೊಡುವ) ಪುಡಿಯ ಒಂದು ಕಾಳು ಸುಮಾರು 75 ಮೈಕ್ರಾನ್. ತಲೆಗೂದಲಿನ ದಪ್ಪ, ಅಷ್ಟೇ. ಒಂದು ಘನ ಮೀಟರ್‌ನಲ್ಲಿ ಅರ್ಧ ಪುಡಿ, ಅರ್ಧ ಗಾಳಿ ಇದ್ದರೆ ಕಾಳುಗಳು 2 ಲಕ್ಷ ಕೋಟಿಗೂ ಜಾಸ್ತಿ! ದೊಡ್ಡ ಘಟಕದಲ್ಲಿ ಇಂಥ ನೂರಾರು ಘನ ಮೀಟರ್ ಇರುತ್ತದೆ.

ಕಾಳು ಕಾಳನ್ನೂ ಹಿಂಬಾಲಿಸುವ ವಿಧಾನ ಇಲ್ಲವೇ ಇಲ್ಲ ಅಂತಲ್ಲ. ಅದಕ್ಕೆ ಡಿಇಎಂ (ಡಿಸ್ಕ್ರೀಟ್ ಎಲಿಮೆಂಟ್ ಮೆಥಡ್) ಎನ್ನುತ್ತಾರೆ. 1979ರಲ್ಲಿ ಕುಂಡಾಲ್ ಮತ್ತು ಸ್ಟ್ರಾಕ್ ಎಂಬ ಸಂಶೋಧಕರು ಇದನ್ನು ಬರೆದದ್ದು ಮಣ್ಣು-ಕಲ್ಲಿನ ಲೆಕ್ಕಕ್ಕೆ. 1993ರಲ್ಲಿ ಜಪಾನಿನ ತ್ಸುಜಿ ಮತ್ತು ಸಂಗಡಿಗರು ಅದಕ್ಕೆ ಗಾಳಿಯ ಹರಿವನ್ನು ಜೋಡಿಸಿದರು. ಆದರೆ ಕಾಳಿಗೆ ಕಾಳು ಬಡಿಯುವುದನ್ನು ಹಿಡಿಯಲು ಸೆಕೆಂಡಿನ 10 ಲಕ್ಷದ ಒಂದು ಭಾಗದಷ್ಟು ಸಣ್ಣ ಹೆಜ್ಜೆ ಇಡಬೇಕು. ಒಳ್ಳೆ ಜಿಪಿಯು (ಗ್ರಾಫಿಕ್ಸ್ ಚಿಪ್) ಇದ್ದರೆ ಕೆಲವು ಕೋಟಿ ಕಾಳುಗಳವರೆಗೆ ಎಳೆಯಬಹುದು. ಕೋಟಿ ಎಲ್ಲಿ, ಲಕ್ಷ ಕೋಟಿ ಎಲ್ಲಿ? ನೀವು ವಿಡಿಯೊದಲ್ಲಿ ನೋಡುವ ಗುಂಡು ಎಷ್ಟೋ ಸಲ ಸಾವಿರಾರು ಕಾಳುಗಳ ಪ್ರತಿನಿಧಿ. ದೊಡ್ಡ ಘಟಕಗಳಿಗೆ ಇನ್ನೊಂದು ದಾರಿಯೂ ಉಂಟು. ಪುಡಿಯನ್ನೇ ಒಂದು ದ್ರವ ಅಂದುಕೊಂಡು, ಗಾಳಿ-ಪುಡಿ ಎರಡನ್ನೂ ಒಂದರೊಳಗೊಂದು ಹರಿಸುವುದು. ಅಲ್ಲಿ ಕಾಳೇ ಇಲ್ಲ!

"ದೊಡ್ಡ ಕಂಪ್ಯೂಟರ್ ಬಂದರೆ ಸರಿಹೋಗುತ್ತೆ ಅಲ್ವಾ?" ಇದು ತಕ್ಷಣ ಬರುವ ಮರುಪ್ರಶ್ನೆ. ಅಷ್ಟು ಸುಲಭವಲ್ಲ. ನಾನು ಮೊದಲ ಸಲ ಈ ಪುಡಿಯ ಲೆಕ್ಕ ಹಾಕಿದಾಗ ಪರದೆಯ ಮೇಲೆ ಪುಡಿಯೆಲ್ಲ ಉಬ್ಬಿ ಕೊಳವೆಯ ಬಾಯಿಂದ ಹಾರಿಹೋಯಿತು. ಪಕ್ಕದ ಲ್ಯಾಬಿನ ಗಾಜಿನ ಕೊಳವೆಯಲ್ಲಿ ಅದೇ ಪುಡಿ, ಅದೇ ಗಾಳಿ. ಮೊಣಕಾಲೆತ್ತರಕ್ಕೆ ಹಾಯಾಗಿ ಕುದಿಯುತ್ತಿತ್ತು. ಎರಡು ವಾರ ಕೋಡ್‌ನಲ್ಲಿ ತಪ್ಪು ಹುಡುಕಿದೆ. ತಪ್ಪಿದ್ದದ್ದು ಕೋಡ್‌ನಲ್ಲಲ್ಲ.

ಕಣದಲ್ಲಿ ರಾಶಿ ತೂರುವುದನ್ನು ನೋಡಿದ್ದೀರಲ್ಲ? ಮೊರದಿಂದ ತೆಳ್ಳಗೆ ಸುರಿದರೆ ಹೊಟ್ಟು ಹಾರುತ್ತದೆ. ದೊಪ್ಪನೆ ಸುರಿದರೆ ಗಾಳಿ ಸುತ್ತು ಬಳಸಿ ಹೋಗುತ್ತದೆ, ಹೊಟ್ಟೂ ಕಾಲ ಬುಡದಲ್ಲೇ ಬೀಳುತ್ತದೆ. ಬೆಡ್‌ನೊಳಗೂ ಹಾಗೇ, ಕಾಳುಗಳು ಗುಂಪು ಕಟ್ಟುತ್ತವೆ. ಆ ಗುಂಪು ಕಾಣಬೇಕಾದರೆ, ಕಂಪ್ಯೂಟರ್ ಜಾಗವನ್ನು ಕತ್ತರಿಸಿಕೊಳ್ಳುವ ಲೆಕ್ಕದ ಚೌಕ ಸುಮಾರು ಹತ್ತು ಕಾಳಿನಷ್ಟು, ಅಂದರೆ ಒಂದು ಮಿಲಿಮೀಟರಿಗೂ ಸಣ್ಣದಿರಬೇಕು. ಇಡೀ ಘಟಕವನ್ನು ಅಷ್ಟು ಸಣ್ಣಗೆ ಕತ್ತರಿಸಲು ಆಗುವುದಿಲ್ಲ. ಚೌಕ ದೊಡ್ಡದಾದರೆ ಕಾಳುಗಳು ಬಿಡಿಬಿಡಿಯಾಗಿ ಹರಡಿವೆ ಎಂದೇ ಕಂಪ್ಯೂಟರ್ ನಂಬುತ್ತದೆ. ಗಾಳಿಯ ತಳ್ಳುವಿಕೆಯನ್ನು ಜಾಸ್ತಿ ಲೆಕ್ಕ ಹಾಕುತ್ತದೆ. ನನ್ನ ಪರದೆಯ ಪುಡಿ ಹಾರಿಹೋದದ್ದೂ ಇದಕ್ಕೇ. ಹಾಗಾಗಿ ಆ ತಳ್ಳುವಿಕೆಯ ಸೂತ್ರವನ್ನೇ ಕೈಯಾರೆ ತಗ್ಗಿಸಬೇಕು. ಎಷ್ಟು ತಗ್ಗಿಸಬೇಕು ಎನ್ನುವುದರಲ್ಲೇ ನಮ್ಮಂಥವರ ಅರ್ಧ ಆಯುಷ್ಯ ಹೋಗಿದೆ.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಮೈದಾ ಹಿಟ್ಟಿಗೆ ಕೆಳಗಿಂದ ಗಾಳಿ ಊದಿದರೆ? ಕುದಿಯುವುದಿಲ್ಲ. 1973ರಲ್ಲಿ ಗೆಲ್ಡಾರ್ಟ್ ಎಂಬ ಸಂಶೋಧಕರು ಪುಡಿಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಗುಂಪು ಮಾಡಿದರು. ನುಣ್ಣನೆ ಹಿಟ್ಟುಗಳೆಲ್ಲ ಹಟಮಾರಿ ಸಿ ಗುಂಪಿಗೆ ಸೇರುತ್ತವೆ. ಕಾಳಿಗೆ ಕಾಳು ಅಂಟಿ ಗಂಟಾಗುತ್ತದೆ. ಗಾಳಿ ಒಂದು ತೂತು ಕೊರೆದುಕೊಂಡು ಸುಮ್ನೆ ಹೊರಟುಹೋಗುತ್ತದೆ. ಕೊಳವೆಯನ್ನು ಕೋಲಿನಿಂದ ತಟ್ಟಿದರೆ ಸ್ವಲ್ಪ ಹೊತ್ತು ಉಬ್ಬುತ್ತದೆ. ಆಮೇಲೆ ಮತ್ತೆ ತೂತು.