ಔಷಧಿ ಚೀಟಿಯಲ್ಲಿ ಹಾಲು, ಮೊಟ್ಟೆ, ತರಕಾರಿ

1960ರ ದಶಕದ ಕೊನೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಮೌಂಡ್ ಬಾಯೂ ಎಂಬ ಪುಟ್ಟ ಊರು. ಅಲ್ಲಿನ ಹೊಸ ಆರೋಗ್ಯ ಕೇಂದ್ರದಲ್ಲಿ ಡಾಕ್ಟರ್ ಜಾಕ್ ಗೈಗರ್ ಮತ್ತು ಜೊತೆಗಾರರು ಚೀಟಿ ಬರೆದುಕೊಡುತ್ತಿದ್ದರು. ಅದರಲ್ಲಿದ್ದದ್ದು ಮಾತ್ರೆ, ಟಾನಿಕ್ ಅಲ್ಲ. ಇಷ್ಟು ಹಾಲು, ಇಷ್ಟು ಮೊಟ್ಟೆ, ಇಷ್ಟು ತರಕಾರಿ, ಇಷ್ಟು ಮಾಂಸ.

ಹತ್ತಿ ಹೊಲಗಳಿಗೆ ಯಂತ್ರ ಬಂದು ಕಪ್ಪು ಜನರ ಕೂಲಿ ತಪ್ಪಿಹೋಗಿತ್ತು. ಸೊರಗಿದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬರುತ್ತಿದ್ದರು. ಚೀಟಿ ಹಿಡಿದು ಅವರು ಹೋಗುತ್ತಿದ್ದದ್ದು ದಿನಸಿ ಅಂಗಡಿಗೆ. ಅಂಗಡಿಯ ಬಿಲ್ಲು ಆರೋಗ್ಯ ಕೇಂದ್ರಕ್ಕೆ ಬರುತ್ತಿತ್ತು, ಔಷಧಿಗೆಂದು ಇಟ್ಟ ಹಣದಲ್ಲೇ ಅದನ್ನು ತೀರಿಸುತ್ತಿದ್ದರು. ಹಣ ಕೊಟ್ಟ ಸರ್ಕಾರಿ ಇಲಾಖೆ ತಕರಾರು ತೆಗೆಯಿತು. ಗೈಗರ್ ಅವರ ಉತ್ತರದ ತಿರುಳು ಇಷ್ಟೇ: ನಾನು ಓದಿದ ಪುಸ್ತಕದಲ್ಲಿ ಅಪೌಷ್ಟಿಕತೆಗೆ ಮದ್ದು ಅಂತ ಬರೆದಿರುವುದು ಊಟವನ್ನೇ.

ಇದು ಸುಮ್ನೆ ಹೊಳೆದದ್ದಲ್ಲ. ಓದುವ ದಿನಗಳಲ್ಲಿ ಗೈಗರ್ ದಕ್ಷಿಣ ಆಫ್ರಿಕಾದ ಫೊಲೆಲಾಕ್ಕೆ ಹೋಗಿದ್ದರು. ಅಲ್ಲಿ ಸಿಡ್ನಿ ಮತ್ತು ಎಮಿಲಿ ಕಾರ್ಕ್ ದಂಪತಿ 1940ರಲ್ಲಿ ಕಟ್ಟಿದ ಕೇಂದ್ರದಲ್ಲಿ, ಮನೆಮನೆಯಲ್ಲೂ ತರಕಾರಿ ಬೆಳೆಸುವುದು ವೈದ್ಯರ ಕೆಲಸವೇ ಆಗಿತ್ತು.

ಮುಂದೆ ಕಾಯಿಲೆಯ ರೂಪ ಬದಲಾಯಿತು. ಸಕ್ಕರೆ ಕಾಯಿಲೆ, ಬಿಪಿ ಜಾಸ್ತಿಯಾದವು. ಹಣ್ಣು ತರಕಾರಿಗೆ ಚೀಟಿ ಕೊಡುವ ಯೋಜನೆಗಳು ಅಮೆರಿಕದಲ್ಲಿ ಮತ್ತೆ ಚಿಗುರಿದವು. 2018ರ ಕೃಷಿ ಕಾಯ್ದೆಯಲ್ಲಿ ಅದಕ್ಕೆ ಹಣವೂ ಸಿಕ್ಕಿತು. ಆದರೆ ಸಕ್ಕರೆ ಕಾಯಿಲೆಯವರ ಮೇಲೆ ನಡೆಸಿ 2023ರ ಕೊನೆಗೆ ಹೊರಬಂದ ಒಂದು ಅಧ್ಯಯನ ಉತ್ಸಾಹಕ್ಕೆ ತಣ್ಣೀರು ಹಾಕಿತು. ಆಹಾರ ಪಡೆದವರ ರಕ್ತದಲ್ಲಿನ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 1.5 ಶೇಕಡಾ ಅಂಶ ಇಳಿದಿತ್ತು. ಪಡೆಯದವರಲ್ಲೂ 1.3 ಇಳಿದಿತ್ತು. ಹಾಗಂತ ಚೀಟಿ ಹರಿದು ಹಾಕಬೇಕಾ? ನನಗೆ ಹಾಗನ್ನಿಸುವುದಿಲ್ಲ. ಹೊಟ್ಟೆಗಿಲ್ಲದವರ ಕಥೆಯೇ ಬೇರೆ.

ಅದಕ್ಕೆ ಪುರಾವೆ ನಮ್ಮಲ್ಲೇ ಇದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ 2,800 ಟಿಬಿ ರೋಗಿಗಳಿಗೆ ತಿಂಗಳಿಗೆ 10 ಕೆಜಿ ಆಹಾರದ ಚೀಲ ಕೊಟ್ಟರು. ಅರ್ಧದಷ್ಟು ರೋಗಿಗಳ ಮನೆಯವರಿಗೆ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆಯನ್ನೂ ಕೊಟ್ಟರು. ಹಾಗೆ ಅಕ್ಕಿ ಬೇಳೆ ಸಿಕ್ಕ ಮನೆಗಳಲ್ಲಿ ಹೊಸದಾಗಿ ಟಿಬಿ ತಗಲುವುದು ಸುಮಾರು ಶೇಕಡಾ 40ರಷ್ಟು ತಗ್ಗಿತು. 2023ರಲ್ಲಿ ಇದು ಪ್ರಕಟವಾಯಿತು.

ಟಿಬಿ ರೋಗಿಗಳ ಊಟಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಹಣ ಬೀಳುವುದು ರೋಗಿಯ ಖಾತೆಗೆ. ಅದೇ ಮನೆಯಲ್ಲಿ ಅದೇ ಗಾಳಿ ಉಸಿರಾಡುವ ಹೆಂಡತಿ, ಮಕ್ಕಳು ಕಾಯಬೇಕಾದದ್ದು ದಾನಿಗಳು ಕೊಡುವ ಆಹಾರದ ಕಿಟ್‌ಗೆ.